ಗಿಡ್ಡ ಕೈಯಿನ ಮೊಳ

ಮೊದಲಿಗೇ ಒಪ್ಕೊಂಡುಬಿಡ್ತೀನಿ. ಆವತ್ತು ನಾನು ನಮ್ಮಪ್ಪನ ಮ್ಯಾಲ ಊರ ಮಂದಿ ಮುಂದ ಬಾಯಿ ಮಾಡಿದೆ. ನನಗ ಮೂಗಿನ ತುದಿಯಾಗ ಸಿಟ್ಟು ಅಂತ ಮನ್ಯಾಗೂ ಅಂತಾರ, ಕಾಲೇಜಿನ್ಯಾಗೂ ಅಂತಾರ. ಸುಳ್ಳಲ್ಲ. ಆದ್ರ ಆ ದಿನದಷ್ಟು ತುಟ್ಟಿ ಬಿದ್ದ ಸಿಟ್ಟು ಇನ್ನೊಂದಿಲ್ಲ. ಅದನ್ನ ಬರದಿಟ್ಟು ಒಂಚೂರು ಹಗುರ ಆಗಬೇಕಂತ ಕುಂತೀನಿ. ಕ್ಲಾಸಿನ್ಯಾಗ ಪುಸ್ತಕದ ಕನ್ನಡ ಮಾತಾಡಿ ಮಾತಾಡಿ ಬಾಯಿ ಒಣಗೈತಿ. ಇದನ್ನರ ನಮ್ಮ ಮಾತಿನ್ಯಾಗ ಬರೀತೀನಿ.

ನಾನು ಹಗರಿಬೊಮ್ಮನಹಳ್ಳಿಯ ಒಂದು ಕಾಲೇಜಿನ್ಯಾಗ ಕಂಪ್ಯೂಟರ್ ಕಲಿಸ್ತೀನಿ. ಹೆಚ್ಚಾಗಿ ಸಿ ಭಾಷೆ. ಊರು ಹಡಗಲಿ ದಾರಿಗೆ ಐತಿ, ದಿನಾ ಸ್ಕೂಟಿ ಮ್ಯಾಲ ಹೋಗಿ ಬರ್ತೀನಿ. ಮನ್ಯಾಗ ಅಪ್ಪ, ಅವ್ವ, ನಾನು, ಮೂರ ಮಂದಿ. ಅವ್ವ ಹೂ ಕಟ್ಟಿ ಮಾರ್ತಾಳ. ಅಪ್ಪ ಊರಿಗೆ ನೀರು ಬಿಡೋನು. ಪಂಚಾಯ್ತಿ ಕಾಗದದಾಗ ವಾಟರ್‌ಮ್ಯಾನ್, ಊರ ಮಂದಿ ಬಾಯಾಗ ನೀರಗಂಟಿ.

ಅಪ್ಪನ ಕೆಲಸ ಏನು ಅಂತ ಹೇಳಬೇಕು, ಇಲ್ಲಾಂದ್ರ ಮುಂದಿನದು ತಿಳಿಯಂಗಿಲ್ಲ. ಬೋರು, ಮೋಟರು, ಸ್ಟಾರ್ಟರು ಎಲ್ಲಾ ಹಳ್ಳದ ದಂಡಿ ಮ್ಯಾಲ ಒಂದು ಸಣ್ಣ ಮನಿಯಾಗ ಅದಾವು. ಟ್ಯಾಂಕು ಊರ ಇನ್ನೊಂದು ತುದಿಗೆ, ದಿಬ್ಬದ ಮ್ಯಾಲ. ಅಪ್ಪ ಹಳ್ಳದ ಕಡೆ ಹೋಗಿ ಮೋಟರ್ ಹಾಕಬೇಕು, ದಿಬ್ಬ ಏರಿ ಟ್ಯಾಂಕು ನೋಡಬೇಕು, ತುಂಬೋ ಹೊತ್ತಿಗೆ ಮತ್ತ ಹಳ್ಳಕ್ಕ ಇಳಿದು ಮೋಟರ್ ಆರಿಸಬೇಕು. ದಿನಾ ಎರಡು ಸಲ. ಟ್ಯಾಂಕಿನ ಹೊರಗ ಹಗ್ಗಕ್ಕ ಒಂದು ಕಲ್ಲು ಕಟ್ಟ್ಯಾರ. ಒಳಗ ನೀರು ಏರಿದಂಗ ಹೊರಗಿನ ಕಲ್ಲು ಇಳೀತೈತಿ. ಕಲ್ಲು ಕೆಳಗಿನ ಕೆಂಪು ಗೆರಿಗೆ ಬಂತಂದ್ರ ಟ್ಯಾಂಕು ತುಂಬಿತು ಅಂತ. ಅಪ್ಪ ಈ ಕೆಲಸಕ್ಕ ಸೇರಿದಾಗಿಂದ ಆ ಕಲ್ಲು ಕೆಂಪು ಗೆರಿ ದಾಟಿ ಇಳಿದದ್ದು ಯಾರೂ ನೋಡಿಲ್ಲ. ಬ್ಯಾರೆ ಊರಾಗ ನೀರು ರಸ್ತೆಗೆ ಹರದ್ರ ನಮ್ಮೂರೋರು, "ನಮ್ಮ ನೀರಗಂಟಿನ್ನ ಕಳಸ್ಲ್ಯಾ?" ಅಂತ ಚೇಷ್ಟಿ ಮಾಡ್ತಿದ್ರು. ಅಪ್ಪಗ ಇದ್ದ ಆಸ್ತಿ ಅಂದ್ರ ಆ ಮಾತು ಒಂದ.

ಇತ್ತೀಚಿಗೆ ಬಲ ಮೊಣಕಾಲು ಬಾತು ಆ ಏರಿಳಿತ ಆಗವಲ್ದಾಗಿತ್ತು. ಕುಂಟ್ಕೊಂತ ದಿಬ್ಬ ಏರೋದು ನೋಡಿ ನನಗ ಸಂಕಟ ಆಗ್ತಿತ್ತು. ದಿನಗೂಲಿ ಮ್ಯಾಲ ಸೇರಿದೋನು, ಕಾಯಂ ಮಾಡೋ ಪಟ್ಟಿಯಾಗ ಹೆಸರು ಈಗರ ಹೋಗಿತ್ತು. ಇಂಥಾ ಹೊತ್ತಿನ್ಯಾಗ ಕಾಲು ನೋವು ಅಂತ ಹೇಳ್ಕೊಂಡ್ರ ಹೆಸರ ಹೊಡದುಬಿಟ್ಟಾರು ಅಂತ ಅವನ ಅಂಜಿಕಿ. ಅದಕ್ಕ ನಾನು ಒಂದು ಉಪಾಯ ತಗದೆ. ಮೋಟರನ್ನ ತಾನ ಆರಿಸೋ ಒಂದು ಡಬ್ಬಿ ಮಾಡಿಕೊಡ್ತೀನಿ ಅಂದೆ. ಮೋಟರ್ ಹಾಕೋದು ಮಾತ್ರ ಅಪ್ಪ, ಆರಿಸೋದು ಡಬ್ಬಿ. ಸಿ ಭಾಷೆ ಕಲಿಸೋಳು ಇಷ್ಟೂ ಮಾಡದಿದ್ರ ಏನು ಬಂತು?

"ಟ್ಯಾಂಕು ತುಂಬಾಕ ಎಷ್ಟು ಹೊತ್ತು ಹಿಡಿತೈತಪಾ?" ಅಂತ ಕೇಳಿದೆ.

"ಆರು ಬೀಡಿ," ಅಂದ.

ಅವನು ಬೀಡಿ ಬಿಟ್ಟು ಯಾವ ಕಾಲ ಆತೋ. ಬೀಡಿ ಹೋಗೈತಿ, ಅಳತಿ ಉಳದೈತಿ. "ಒಂದು ಬೀಡಿ ಅಂದ್ರ ಎಷ್ಟು ನಿಮಿಷ?" ಅಂದ್ರ, "ಅದು ಸೇದೋರ ಮ್ಯಾಲ ಹೋಕ್ಕೈತವಾ. ಒಬ್ಬಬ್ಬ ಎಳದ ಮುಗಸ್ತಾನ, ಒಬ್ಬಬ್ಬ ಹಿಡಕೊಂಡು ಕುಂದರ್ತಾನ," ಅಂದ. ನಾನು ಹೊಟ್ಟಿ ಹಿಡಕೊಂಡು ನಕ್ಕೆ. ಇದೆಂಥಾ ಅಳತಿ, ಮಂದಿ ಮ್ಯಾಲ ಹೋಗೋ ಅಳತಿ, ಅಂತ. ಮೊಬೈಲ್ ಹಿಡಕೊಂಡು ದಿಬ್ಬದ ಮ್ಯಾಲ ನಿಂತು ಎರಡು ದಿನ ನೋಡಿದೆ. ನಲವತ್ತು ನಿಮಿಷ. ಅಳತಿ ಅಂದ್ರ ಹಿಂಗಿರಬೇಕು ಅಂತ ಅಪ್ಪಗ ಪಾಠಾನೂ ಹೇಳಿದೆ.

ನಗಬಾರದಿತ್ತು. ಯಾಕಂದ್ರ ಅಂಥಾ ಅಳತಿ ನಮ್ಮ ಮನ್ಯಾಗ ಇನ್ನೊಂದಿತ್ತು, ಅದನ್ನ ನೋಡ್ಕೊಂತ ನಾನು ಬೆಳದೀನಿ. ಅವ್ವನ ಮೊಳ. ಅವ್ವ ಹಡಗಲಿ ಮಲ್ಲಿಗಿ ತಂದು ಕಟ್ಟಿ ಸಂತಿಗೆ ಒಯ್ತಾಳ. ಒಂದೊಂದು ವಾರ ಕೂಡ್ಲಿಗಿ, ಒಂದೊಂದು ವಾರ ಕೊಟ್ಟೂರು, ಹಬ್ಬ ಬಂತಂದ್ರ ಹರಪನಹಳ್ಳಿ ತನಕ. ಮೊಣಕೈಯಿಂದ ನಡುಬೆರಳಿನ ತುದಿ ತನಕ ಒಂದು ಮೊಳ. ಅವ್ವ ಗಿಡ್ಡಾಕಿ, ಕೈನೂ ಗಿಡ್ಡ. ಎಲ್ಲಿ ಹೋದ್ರೂ ಮೊಳ ಅಳದ ಮ್ಯಾಲ ಒಂದು ಗೇಣು ಜಾಸ್ತಿ ಬಿಟ್ಟು ದಾರ ಹರೀತಾಳ. ಪಕ್ಕದಾಗ ಕುಂತ ಹೂವಿನೋರು, "ನಿನಗೇನು ಹುಚ್ಚೇನಬೇ?" ಅಂತ ಬಯ್ತಾರ. ನಾನೂ ಒಮ್ಮೆ ಕೇಳಿದ್ದೆ, ಯಾಕವಾ ಈ ದಾನಶೂರತನ ಅಂತ.

"ಲೇ ಹುಚ್ಚಿ," ಅಂದ್ಳು, "ನಾ ಮೊಳ ಅಂತ ಕೂಗತೀನಿ. ಕೊಳ್ಳೋರ ತಲ್ಯಾಗ ಅವ್ರವ್ರ ಕೈ ಇರ್ತೈತಿ. ನನ್ನ ಕೈ ಗಿಡ್ಡ ಐತಿ ಅಂದ್ರ ಅದು ಅವ್ರ ತಪ್ಪಾ?"

ಅದನ್ನ ಕೇಳಿ ಈ ಕಿವಿಯಿಂದ ಆ ಕಿವಿಗೆ ಬಿಟ್ಟಿದ್ದೆ.

ಡಬ್ಬಿ ತಯಾರಾತು. ಅಂಗೈಯಷ್ಟು ಒಂದು ಬೋರ್ಡು, ಅದು ಹೇಳಿದಂಗ ಮೋಟರಿನ ಕರೆಂಟ್ ಹಾಕಿ ಆರಿಸೋ ಒಂದು ರಿಲೇ, ಮ್ಯಾಲ ಒಂದು ಹಸಿರು ಗುಂಡಿ. ಅಪ್ಪಗ ತ್ರಾಸ ಆಗಬಾರದಂತ ಒಂದ ಗುಂಡಿ ಇಟ್ಟಿದ್ದೆ. ಒತ್ತಿದ್ರ ಮೋಟರ್ ಚಾಲೂ, ನಲವತ್ತು ನಿಮಿಷಕ್ಕ ತಾನ ಬಂದ್. ಬೋರ್ಡಿಗೆ ನಿಮಿಷ ತಿಳಿಯಂಗಿಲ್ಲ, ಅದು ಸೆಕೆಂಡಿನ ಸಾವಿರದಾಗ ಒಂದು ಪಾಲನ್ನ ಎಣಸ್ತೈತಿ. ಹಂಗಾಗಿ ನಲವತ್ತನ್ನ ಅರವತ್ತರಿಂದ ಗುಣಿಸು, ಅದನ್ನ ಸಾವಿರದಿಂದ ಗುಣಿಸು ಅಂತ ಬರದೆ. ಗುಣಾಕಾರ ಸರಿ ಐತೋ ಇಲ್ಲೋ ಅಂತ ಲ್ಯಾಪ್‌ಟಾಪಿನ್ಯಾಗ ಓಡಿಸಿ ನೋಡಿದೆ. ಇಪ್ಪತ್ನಾಲ್ಕು ಲಕ್ಷ ಅಂತ ಬಂತು. ಬಾಯಿಲೆಕ್ಕ ಮಾಡಿದೆ, ಅದೂ ಇಪ್ಪತ್ನಾಲ್ಕು ಲಕ್ಷ. ಸರಿ ಅಂದ್ರ ಸರಿ.

ಭಾನುವಾರ ಸಂಜಿಕಿ ಡಬ್ಬಿ ಕೂಡಿಸಿದೆ. ನಲವತ್ತು ನಿಮಿಷ ಅಲ್ಲಿ ಸೊಳ್ಳಿ ಕಡಿಸ್ಕೊಂತ ಯಾರು ನಿಲ್ತಾರ ಅಂತ ಪರೀಕ್ಷಾಕ್ಕ ಇಪ್ಪತ್ತು ಸೆಕೆಂಡು ಇಟ್ಟೆ. ಅಪ್ಪ ಗುಂಡಿ ಒತ್ತಿದ. ಮೋಟರ್ ಗುಂಯ್ ಅಂತು. ಇಪ್ಪತ್ತಕ್ಕ ಸರಿಯಾಗಿ ಟಕ್ ಅಂತು, ನಿಂತ್ತು. ಅಪ್ಪ ಮೂರು ಸಲ ಒತ್ತಿ ನೋಡಿದ, ಮೂರು ಸಲಾನೂ ನಿಂತ್ತು. "ಯಪ್ಪಾ! ಇದಕ್ಕ ಕಣ್ಣಿಲ್ಲ, ಕಿವಿ ಇಲ್ಲ, ಹೆಂಗ ಗೊತ್ತಾಗ್ತೈತಬೇ?" ಅಂತ ಡಬ್ಬಿ ಮ್ಯಾಲ ಕೈ ಆಡಿಸಿದ. ನನಗ ಆಗಿದ್ದ ಹಿಗ್ಗು ಏನು ಹೇಳ್ಲಿ! ಆಮ್ಯಾಲ ಇಪ್ಪತ್ತು ಸೆಕೆಂಡು ತಗದು ನಲವತ್ತು ನಿಮಿಷ ತುಂಬಿ ಡಬ್ಬಿ ಮುಚ್ಚಿದೆ.

ಮರುದಿನ ರಜಾ ಹಾಕಿ ಅಪ್ಪನ್ನ ಮೊಣಕಾಲು ತೋರಿಸಾಕ ಹಡಗಲಿಗೆ ಕರಕೊಂಡು ಹೊಂಟೆ. ಹೋಗೋ ದಾರಿಯಾಗ ಹಳ್ಳದ ಹತ್ರ ಸ್ಕೂಟಿ ನಿಲ್ಲಿಸಿದೆ. ಕರೆಂಟ್ ಬಂದಿತ್ತು. ಅಪ್ಪ ಒಳಗ ಹೋಗಿ ಗುಂಡಿ ಒತ್ತಿ ಬಂದ. ಬಂದೋನು ಸ್ಕೂಟಿ ಏರವಲ್ಲ. "ನಲವತ್ತು ನಿಮಿಷ ತಡಿಯವಾ. ಕಲ್ಲು ಇಳಿಯೋದು ಕಣ್ಣೀಲೆ ನೋಡಿಬಿಡ್ತೀನಿ," ಅಂದ.

"ಡಾಕ್ಟರು ಎದ್ದು ಹೋಗ್ತಾರ, ಹತ್ತಪಾ. ಡಬ್ಬಿ ನೋಡ್ಕೊಂತೈತಿ," ಅಂದೆ.

"ಒಂದ ಒಂದು ಸಲ."

"ನಿನಗ ನನ್ನ ಮ್ಯಾಲ ನಂಬಿಕಿ ಇಲ್ಲೇನು?" ಅಂತ ಕೇಳಿದ ಮ್ಯಾಲ ಅವನು ಏನು ಮಾಡ್ಯಾನು? ಹತ್ತಿ ಕುಂತ.

ಡಾಕ್ಟರು, ಎಕ್ಸ್‌ರೇ, ಗುಳಿಗಿ ಅಂತ ನಾವು ತಿರುಗಿ ಬರೋ ಹೊತ್ತಿಗೆ ಮಧ್ಯಾಹ್ನ ಆಗಿತ್ತು. ಊರ ಅಗಸಿ ಬಾಗಿಲ ಹತ್ರ ಬರೂತ್ಲೆ ರಸ್ತೆ ಹಸಿ. ಮಳಿ ಬಂದಿಲ್ಲ, ಹೆಂಗ ಹಸಿ? ಅಪ್ಪ ಹಿಂದ ಕುಂತೋನು ನನ್ನ ಭುಜ ಗಟ್ಟಿ ಹಿಡದ. ತಲಿ ಎತ್ತಿ ನೋಡಿದ್ರ ಟ್ಯಾಂಕಿನ ಕಲ್ಲು ಕೆಂಪು ಗೆರಿ ದಾಟಿ ನೆಲಕ್ಕ ಹತ್ತಿತ್ತು. ಹಳ್ಳದ ಕಡೆ ಓಡಿದ್ವಿ. ಆ ಬೋರಿನ್ಯಾಗ ಒಂದು ತಾಸಿನ ಮ್ಯಾಲ ನೀರು ಇರಂಗಿಲ್ಲ. ನೀರು ತೀರಿದ ಮ್ಯಾಲೂ ಮೋಟರು ಒಣಾ ತಿರುಗಿ ತಿರುಗಿ ಸುಟ್ಟಿತ್ತು. ಸುಟ್ಟ ವಾಸನಿ ಬಾಗಿಲ ತನಕ ಬರ್ತಿತ್ತು. ಕೊಡ ಹಿಡಕೊಂಡ ಹೆಣ್ಮಕ್ಕಳು, ಪಂಚಾಯ್ತಿ ಮೆಂಬರು, ದಾರಿಲಿ ಹೋಗೋರು ಎಲ್ಲಾ ಅಲ್ಲಿ ಕೂಡಿದ್ರು. ಯಾರೋ, "ಏನಾತಪಾ ನೀರಗಂಟಿ, ಮಲಗಿದ್ದೇನು?" ಅಂದ್ರು.

ಅಲ್ಲೇ ನಾನು ಸುಮ್ಮನಿರಬೇಕಿತ್ತು. ಇರಲಿಲ್ಲ. "ಇರೋದು ಒಂದ ಗುಂಡಿ! ಅದನ್ನರ ನೆಟ್ಟಗ ಒತ್ತಾಕ ಬರಂಗಿಲ್ಲೇನು ನಿನಗ? ಏನು ಮಾಡಿದಿ, ಎರಡು ಸಲ ಒತ್ತಿದೇನು? ಹಿಡಕೊಂಡು ನಿಂತೇನು? ನಿನ್ನ ಕೈಯಾಗ ಏನು ಕೊಟ್ರೂ ಹಿಂಗ!" ಅಂದೆ. ಅಷ್ಟೂ ಮಂದಿ ಮುಂದ. ನಿನ್ನೆ ತಾನ ಪರೀಕ್ಷಾ ಮಾಡಿದ ಡಬ್ಬಿ, ಲ್ಯಾಪ್‌ಟಾಪ್ ಸರಿ ಅಂದ ಲೆಕ್ಕ. ತಪ್ಪು ಅದರಾಗ ಹೆಂಗ ಬಂದೀತು ಅನ್ನೋ ಸೊಕ್ಕು ನನಗ.

ಅಪ್ಪ ತನ್ನ ಬಲಗೈ ಬೆರಳು ನೋಡ್ಕೊಂಡ. "ಇರಬೋದವಾ. ಏನರ ತಪ್ಪಿ ಒತ್ತಿರಬೋದು," ಅಂದ.

ಮೋಟರ್ ಎತ್ತಿಸಿ ಹಗರಿಬೊಮ್ಮನಹಳ್ಳಿಗೆ ಕಟ್ಟಿಸಾಕ ಕಳಿಸಿದ್ರು. ಊರಾಗ ನೀರಿಲ್ಲ. ಟ್ರ್ಯಾಕ್ಟರಿನ ಟ್ಯಾಂಕರ್ ಬಂದಾಗ ಹೆಣ್ಮಕ್ಕಳು ನಮ್ಮ ಮನಿ ಕಡೆ ನೋಡಿ ಗೊಣಗ್ತಿದ್ರು. ಮಂಗಳವಾರ ಅಪ್ಪಗ ನೋಟಿಸು ಬಂತು. ಕೆಲಸದಾಗ ನಿರ್ಲಕ್ಷ್ಯ ಮಾಡೀರಿ, ನಿಮ್ಮನ್ನ ಕೆಲಸದಿಂದ ಯಾಕ ತಗೀಬಾರದು, ಶುಕ್ರವಾರದ ಸಭಾಕ್ಕ ಬಂದು ಹೇಳ್ರಿ ಅಂತ. ಕಾಯಂ ಆಗೋ ಹೊತ್ತಿನ್ಯಾಗ ಇದ್ದ ಕೆಲಸಾನೂ ಹೋಗೋದು ಬಂತು.

ಆವತ್ತ ಅಪ್ಪ ಪಂಚಾಯ್ತಿಗೆ ಹೋಗಿ ಒಂದು ಅರ್ಜಿ ಬರೆಸಿ ಕೊಟ್ಟು ಬಂದ. ಬಂದು ಅವ್ವಗ ಹೇಳಿದ, "ಮೋಟರ್ ಹಾಕಿ ನಿದ್ದಿ ಹತ್ತಿತ್ತು, ತಪ್ಪಾತು ಅಂತ ಬರೆಸೀನಿ." ನಿದ್ದಿ! ಅವನು ನನ್ನ ಜೊತಿಗೆ ಹಡಗಲಿಯಾಗಿದ್ದ. ಡಬ್ಬಿ ವಿಷಯ ಅರ್ಜಿಯಾಗ ಒಂದಕ್ಷರ ಇದ್ದಿಲ್ಲ. "ಆಕಿ ಕಾಲೇಜಿನ್ಯಾಗ ಕಲಿಸೋಳು. ಆಕಿ ಹೆಸರು ಯಾಕ ಬೇಕು ಇದರಾಗ," ಅಂತ ಅವ್ವಗ ಅಂದದ್ದು ನನಗ ಒಳಗಿಂದ ಕೇಳಿಸ್ತು. ಖರೇ ಹೇಳ್ತೀನಿ, ನಾನು ಎದ್ದು ಹೊರಗ ಹೋಗಿ ಬ್ಯಾಡ ಅನ್ನಲಿಲ್ಲ. ಸಮಾಧಾನ ಆತು ನನಗ. ತಪ್ಪು ಹೆಂಗೂ ಅವಂದ, ನನ್ನ ಹೆಸರು ಹೊರಗುಳೀತು ಬಿಡು ಅಂತ. ಇದನ್ನ ಬರೆಯುವಾಗ ಈಗಲೂ ನಾಚಿಕಿ ಆಗ್ತೈತಿ.

ಇನ್ನೊಂದು ಆ ವಾರ ನಡೀತು. ಕಣ್ಣಿಗೆ ಬಿದ್ದಿತ್ತು, ತಲಿಗೆ ಹೋಗಿದ್ದಿಲ್ಲ. ಅಪ್ಪ ಮನ್ಯಾಗ ಯಾವ ಸ್ವಿಚ್ಚಿಗೂ ಕೈ ಹಚ್ಚವಲ್ಲ. ಸೆಕಿಯಾಗ ಬೆವತು ಕುಂದರ್ತಿದ್ದ, ಅವ್ವ ಒಳಗಿಂದ ಬಂದ್ರ, "ಫ್ಯಾನ್ ಹಾಕು," ಅಂತಿದ್ದ. ಸ್ವಿಚ್ಚು ಅವನ ತಲಿ ಮ್ಯಾಲ ಇತ್ತು. ಮೊಬೈಲ್ ಬಡಕೊಂಡ್ರ ನನ್ನ ಕೈಗೆ ಕೊಟ್ಟು, "ನೀನ ಒತ್ತವಾ," ಅಂತಿದ್ದ. ಸಿಟ್ಟು ಮಾಡ್ಯಾನ, ಮಾಡ್ಲಿ ಅಂತ ನಾನೂ ಬಿಗದುಕೊಂಡಿದ್ದೆ.

ಗುರುವಾರ ಮಧ್ಯಾಹ್ನ ಕ್ಲಾಸು ಮುಗಿಸಿ ಮೋಟರ್ ಕಟ್ಟೋರ ಅಂಗಡಿಗೆ ಹೋದೆ. ಬಸ್ ಸ್ಟ್ಯಾಂಡಿನ ಹಿಂದ ಅವರ ಅಂಗಡಿ. ವಯಸ್ಸಾದ ಸಾಹೇಬ್ರು, ನಮ್ಮ ಊರ ಮೋಟರು ಎಷ್ಟು ಸಲ ಕಟ್ಟ್ಯಾರೋ ಲೆಕ್ಕ ಇಲ್ಲ. ನಾನು ಚಾಚಾ ಅಂತೀನಿ. ಡಬ್ಬೀನೂ ತೊಗೊಂಡು ಬಾ ಅಂತ ಹೇಳಿ ಕಳಿಸಿದ್ರು.

"ಏನಾಗಿತ್ತು ಬೇಟಿ?" ಅಂದ್ರು.

"ಅಪ್ಪ ಗುಂಡಿ ತಪ್ಪು ಒತ್ಯಾನ ಚಾಚಾ."

ಅವರು ಕನ್ನಡಕ ಏರಿಸಿ ಡಬ್ಬಿ ಹಿಂದ ಮುಂದ ತಿರುಗಿಸಿ ನೋಡಿದ್ರು. "ಗುಂಡಿ ಎಷ್ಟು ಅದಾವು?"

"ಒಂದು."

"ಒಂದ ಗುಂಡಿಯಾಗ ತಪ್ಪು ಹೆಂಗ ಒತ್ತಾಕ ಬರ್ತೈತಿ?"

ಇಷ್ಟು ಸಾದಾ ಪ್ರಶ್ನಿ ನಾಲ್ಕು ದಿನದಾಗ ನನಗ ಹೊಳೀಲಿಲ್ಲ ನೋಡ್ರಿ. "ಪರೀಕ್ಷಾ ಮಾಡಿದ್ದೆ ಚಾಚಾ. ಇಪ್ಪತ್ತು ಸೆಕೆಂಡು ಇಟ್ಟು ನೋಡಿದ್ದೆ, ಸರಿ ನಿಂತಿತ್ತು," ಅಂದೆ.

"ಅರೆ! ಅಲ್ಲಿ ಓಡಬೇಕಾಗಿದ್ದು ನಲವತ್ತು ನಿಮಿಷ, ನೀ ನೋಡಿದ್ದು ಇಪ್ಪತ್ತು ಸೆಕೆಂಡು? ಹೆಣ್ಣು ನೋಡಾಕ ಬಂದ ಹುಡುಗ ಹತ್ತು ನಿಮಿಷ ಎಷ್ಟು ಚಲೋ ಇರ್ತಾನ, ಗೊತ್ತಲ್ಲ?" ಅಂತ ನಕ್ಕರು. ಅವರ ಅಂಗಡಿಯಾಗ ಒಂದು ಪದ್ಧತಿ ಐತಿ. ಯಾವ ಮಷೀನಾದ್ರೂ ಸರಿ, ಹೊಲದಾಗ ಎಷ್ಟು ಹೊತ್ತು ಓಡಬೇಕೋ ಅಷ್ಟು ಹೊತ್ತು ಅಂಗಡಿಯಾಗೂ ಓಡಿಸಿ ನೋಡಿದ ಮ್ಯಾಲ ಕೊಡ್ತಾರ. ಗಿರಾಕಿ ಎಷ್ಟು ಅವಸರ ಮಾಡ್ಲಿ, ಕೇಳಂಗಿಲ್ಲ. ಮೋಟರಿನ ಜಾಗಕ್ಕ ಒಂದು ಬಲ್ಬು ಕಟ್ಟಿದ್ರು. ನನ್ನನ್ನ ಸ್ಟೂಲ್ ಮ್ಯಾಲ ಕುಂದ್ರಿಸಿದ್ರು. "ಒತ್ತು," ಅಂದ್ರು. ಒತ್ತಿದೆ. ಬಲ್ಬು ಹತ್ತಿತು.

ನಲವತ್ತು ನಿಮಿಷ ಒಂದು ಬಲ್ಬು ನೋಡ್ಕೊಂತ ಕುಂತು ನೋಡ್ರಿ, ಎಷ್ಟು ಉದ್ದ ಅಂತ ಗೊತ್ತಾಗ್ತೈತಿ. ಚಾ ಬಂತು. ಚಾಚಾ ಯಾವುದೋ ಮಿಕ್ಸಿ ಬಿಚ್ಚಿದ್ರು, ಕೂಡಿಸಿದ್ರು. ಮೂವತ್ತೆಂಟು, ಮೂವತ್ತೊಂಬತ್ತು, ನಲವತ್ತು. ಬಲ್ಬು ಉರೀತಾನ ಇತ್ತು. ನಲವತ್ತೈದು. ಐವತ್ತು. ಒತ್ತಿದ್ದು ನಾನು. ಒಂದ ಸಲ, ನೆಟ್ಟಗ ಒತ್ತಿದ್ದೆ.

ಲ್ಯಾಪ್‌ಟಾಪ್ ತಗದು ಬೋರ್ಡಿಗೆ ಜೋಡಿಸಿದೆ. ಈ ಸಲ ಲ್ಯಾಪ್‌ಟಾಪನ್ನ ಕೇಳಲಿಲ್ಲ, ಬೋರ್ಡನ್ನ ಕೇಳಿದೆ. ನಲವತ್ತು ಗುಣಿಸು ಅರವತ್ತು ಗುಣಿಸು ಸಾವಿರ ಎಷ್ಟಪಾ ನಿನ್ನ ಲೆಕ್ಕದಾಗ ಅಂತ. ಮೈನಸ್ ಇಪ್ಪತ್ನಾಲ್ಕು ಸಾವಿರದ ಎಂಟುನೂರಾ ಮೂವತ್ತೆರಡು ಅಂತ ಬಂತು. ಅದನ್ನ ನೋಡಿದ ಕೂಡ್ಲೆ ಎಲ್ಲಾ ತಿಳೀತು. ತಿಳಿದದ್ದಕ್ಕ ನೆಲ ಬಾಯಿ ಬಿಡಬಾರದಾ ಅನ್ನಿಸ್ತು.

ಯಾಕಂದ್ರ ಇದು ನಾನು ವರ್ಷಾ ವರ್ಷಾ ಕಲಿಸೋ ಪಾಠ. ಸಿ ಭಾಷೆಯಾಗ ಅಂಕಿ ಇಡೋ ಸಾದಾ ಜಾಗಕ್ಕ ಇಂಟ್ ಅಂತಾರ. ಆ ಜಾಗ ಎಷ್ಟು ದೊಡ್ಡದು ಅಂತ ಭಾಷೆ ಕಟ್ಟುನಿಟ್ಟಾಗಿ ಹೇಳಂಗಿಲ್ಲ. ಇಷ್ಟಕ್ಕಿಂತ ಸಣ್ಣದು ಇರಬಾರದು ಅಂತೈತಿ, ಉಳಿದದ್ದು ಮಷೀನಿಗೆ ಬಿಟ್ಟದ್ದು. ನನ್ನ ಲ್ಯಾಪ್‌ಟಾಪಿನ್ಯಾಗ ಇಂಟ್ ಅಂದ್ರ ನಾಲ್ಕು ಬೈಟು, ಅಂದ್ರ ನಾಲ್ಕು ಖಾನೆ, ಅದರಾಗ ಕೋಟಿ ಕೋಟಿ ಹಿಡಿತಾವು. ಆ ಅಂಗೈಯಷ್ಟು ಬೋರ್ಡಿನ್ಯಾಗ ಎರಡ ಬೈಟು. ಮೂವತ್ತೆರಡು ಸಾವಿರದ ಏಳುನೂರಾ ಅರವತ್ತೇಳು ದಾಟಿದ್ರ ಅದಕ್ಕ ತಲಿ ತಿರುಗಿ ಮೈನಸ್ಸಿಗೆ ಬೀಳ್ತೈತಿ. ಇಪ್ಪತ್ತು ಸೆಕೆಂಡಂದ್ರ ಇಪ್ಪತ್ತು ಸಾವಿರ, ಅದು ಹಿಡೀತು. ಇಪ್ಪತ್ನಾಲ್ಕು ಲಕ್ಷ ಹೆಂಗ ಹಿಡೀತೈತಿ? ಹಳೇ ಲ್ಯಾಬಿನ ಕಂಪ್ಯೂಟರಿನ್ಯಾಗ ಎರಡು, ಹೊಸ ಲ್ಯಾಬಿನ್ಯಾಗ ನಾಲ್ಕು, ಎರಡು ಮಾರ್ಕಿನ ಪ್ರಶ್ನಿ, ಬರಕೊಂಡು ಬಾಯಿಪಾಠ ಮಾಡ್ರಿ ಅಂತ ಹುಡುಗ್ರಿಗೆ ಹೇಳ್ತಿದ್ದಾಕಿ ನಾನ. ಹೇಳೋದು ಪುರಾಣ, ತಿನ್ನೋದು ಬದ್ನಿಕಾಯಿ ಅಂತಾರಲ್ಲ, ಅದು ನನ್ನ ನೋಡೇ ಹೇಳಿರಬೇಕು. ಬೀಡಿ ಅಳತಿಗೆ ನಕ್ಕಾಕಿ ಬೇರೆ.

"ಗೊತ್ತಾತೇನು?" ಅಂದ್ರು ಚಾಚಾ.

"ಹೊತ್ತು ಎಣಿಸೋ ಜಾಗ ದೊಡ್ಡದು, ಅದಕ್ಕ ಮೈನಸ್ ಅನ್ನೋದ ತಿಳಿಯಂಗಿಲ್ಲ. ಆ ಮೈನಸ್ಸು ಅಲ್ಲಿ ಹೋಗಿ ಕುಂತು ಭಾರಿ ಅಂಕಿ ಆಗೈತಿ ಚಾಚಾ. ಈ ಬಲ್ಬು ಆರೋದು ನಲವತ್ತೊಂಬತ್ತು ದಿನ ಆದ ಮ್ಯಾಲ."

"ಅಲ್ಲಿ ತನಕ ಚಾ ಕುಡಸಾಕ ನನ್ನ ಕೈಲಿ ಆಗಂಗಿಲ್ಲ, ತಿದ್ದು," ಅಂದ್ರು. ಆಮ್ಯಾಲ ನನ್ನ ಮುಖ ನೋಡಿ ನಗು ನಿಲ್ಲಿಸಿದ್ರು. "ಅಬ್ಬಾಜಾನ್‌ಗ ಬಯ್ದಿದ್ದೇನು?" ಅಂತ ಮೆಲ್ಲಕ ಕೇಳಿದ್ರು. ನಾನು ಹೂಂ ಅಂದೆ. ಕಣ್ಣಾಗ ನೀರು ಬಂತು. ಅವರು ಮಿಕ್ಸಿ ಕಡೆ ತಿರುಗಿದ್ರು.

ಅಲ್ಲೇ ಕುಂತು ತಿದ್ದಿದೆ. ಗುಣಾಕಾರದ ಮೊದಲನೇ ಅಂಕಿಗೇ ದೊಡ್ಡ ಜಾಗ ಕೊಟ್ಟೆ, ಲೆಕ್ಕ ಪೂರಾ ದೊಡ್ಡ ಜಾಗದಾಗ ನಡೀತು. ತಿದ್ದಾಕ ಹಿಡಿದದ್ದು ಅರ್ಧ ನಿಮಿಷ. ಮತ್ತ ಒತ್ತಿದೆ, ಮತ್ತ ನಲವತ್ತು ನಿಮಿಷ ಕುಂತೆ. ಟಕ್ ಅಂತು, ಬಲ್ಬು ಆರ್ತು. ಮೊದಲ ಸಲ ಟಕ್ ಅಂದಾಗ ಆಗಿದ್ದ ಹಿಗ್ಗು ಈಗ ಆಗಲಿಲ್ಲ.

ಮನಿಗೆ ಹೋಗಿ ಆವತ್ತ ಹೇಳಬೇಕಿತ್ತು. ಬಾಯಿ ಬರಲಿಲ್ಲ. ಮಂದಿ ಮುಂದ ಅಂದಿದ್ದನ್ನ ಮಂದಿ ಮುಂದ ಹಿಂದಕ್ಕ ತೊಗೋಬೇಕು ಅಂತ ಮನಸಿನ್ಯಾಗ ಗಟ್ಟಿ ಮಾಡ್ಕೊಂಡೆ. ಅರ್ಧ ಅದು ಖರೇ, ಅರ್ಧ ಅಂಜಿಕಿ.

ಶುಕ್ರವಾರ ಪಂಚಾಯ್ತಿ ಸಭಾ. ಅಪ್ಪ ಬಾಗಿಲ ಹತ್ರ ಗ್ವಾಡಿಗೆ ಆತು ಕೆಳಗ ಕುಂತಿದ್ದ, ನೋಯೋ ಕಾಲು ಚಾಚಿಕೊಂಡು. ಕುರ್ಚಿ ಇದ್ರೂ ಕುಂತಿದ್ದಿಲ್ಲ. ಮೆಂಬರುಗಳು, ಸೆಕ್ರೆಟರಿ, ಪಿಂಚಣಿ ಕೇಳಾಕ ಬಂದ ಒಂದಿಬ್ಬರು ಮುದುಕೇರು ಇದ್ರು. ಸೆಕ್ರೆಟರಿ ಅಪ್ಪನ ಅರ್ಜಿ ಓದಿ, "ನಿದ್ದಿ ಹತ್ತಿತ್ತು ಅಂತ ನೀವ ಒಪ್ಪೀರಿ, ಇನ್ನೇನು ಕೇಳೋದೈತಿ?" ಅಂದ್ರು.

ನಾನು ಎದ್ದು ನಿಂತೆ. "ಅದು ಸುಳ್ಳು ಅರ್ಜಿ ಐತ್ರಿ. ಅಪ್ಪ ಮಲಗಿದ್ದಿಲ್ಲ. ನಾನ ಅವನ್ನ ಹಡಗಲಿಗೆ ಕರಕೊಂಡು ಹೋಗಿದ್ದೆ. ಮೋಟರ್ ಆರಿಸಬೇಕಾಗಿದ್ದು ನಾ ಮಾಡಿದ ಡಬ್ಬಿ. ತಪ್ಪು ನಂದು."

"ಆಕಿ ಮಾತು ಬಿಡ್ರಿ ಸಾಹೇಬ್ರ," ಅಂತ ಅಪ್ಪ ಕುಂತಲ್ಲೇ ಅಂದ, "ನಾನ ಏನೋ ತಪ್ಪಿ ಒತ್ತೀನಿ."

"ಸುಮ್ಮನಿರಪಾ ನೀ!" ಅಂತ ಮತ್ತ ರೇಗಿದೆ. ಹುಟ್ಟುಗುಣ ಸುಟ್ರೂ ಹೋಗಂಗಿಲ್ಲ. ಮೆಂಬರೊಬ್ಬರು ಮುಸಿ ಮುಸಿ ನಕ್ಕರು.

ಸೆಕ್ರೆಟರಿಗೆ ನನ್ನ ಮಾತಿನ ಮ್ಯಾಲ ನಂಬಿಕಿ ಬರಲಿಲ್ಲ. ಅಪ್ಪನ್ನ ಉಳಿಸಾಕ ಮಗಳು ಬಂದಾಳ ಅಂತ ಅವ್ರ ಮುಖದಾಗ ಇತ್ತು. "ಡಬ್ಬಿಯಾಗ ಏನು ತಪ್ಪಿತ್ತು, ತಿಳಿಯೋ ಹಂಗ ಹೇಳ್ರಿ," ಅಂದ್ರು. ಬೈಟು, ಇಂಟು ಅಂತ ಶುರು ಮಾಡಿದೆ. ಎಲ್ರೂ ಸಂತ್ಯಾಗ ದಾರಿ ತಪ್ಪಿದೋರಂಗ ನೋಡಿದ್ರು. ಆವಾಗ ಅವ್ವನ ಹೂವು ನೆನಪಾತು.

"ನಮ್ಮವ್ವನ ಹತ್ರ ಹೂ ಕೊಂಡಿರಲ್ರಿ. ಒಂದು ಮೊಳ ಅಂದ್ರ ಎಷ್ಟು? ಯಾರ ಕೈ ಅನ್ನೋದರ ಮ್ಯಾಲ ಐತಿ. ನಾನು ಮನ್ಯಾಗ ನನ್ನ ಕಂಪ್ಯೂಟರಿನ ಕೈಲಿ ಅಳದು ಸಾಕಷ್ಟು ಐತಿ ಅಂದೆ. ಆ ಡಬ್ಬಿ ಕೈ ಗಿಡ್ಡ ಇತ್ತು. ಅದರ ಮೊಳದಾಗ ನಲವತ್ತು ನಿಮಿಷ ಹಿಡೀಲಿಲ್ಲ. ಕೈ ಎಷ್ಟುದ್ದ ಐತಿ ಅಂತ ನಾ ಮೊದಲ ಕೇಳಬೇಕಿತ್ತು. ಕೇಳಲಿಲ್ಲ. ಅಷ್ಟ ತಪ್ಪು. ಅಪ್ಪ ಒತ್ತಿದ್ದು ಸರಿ ಇತ್ತು. ಬಲ್ಬು ಕಟ್ಟಿ ತೋರಸ್ತೀನಿ ಬರ್ರಿ, ನಲವತ್ತು ನಿಮಿಷ ಕುಂದರ್ರಿ."

ಪಿಂಚಣಿಗೆ ಬಂದ ಮುದುಕಿ ಒಬ್ಬಾಕಿ, "ಹಂಗಾರ ನಿಮ್ಮವ್ವನಂಗ ಒಂದು ಗೇಣು ಜಾಸ್ತಿ ಬಿಡಬೇಕಿತ್ತಲ್ಲಬೇ," ಅಂದ್ಳು. ಅಷ್ಟು ವರ್ಷ ಓದಿ ನಾನು ಕಲೀಲಾರದ್ದನ್ನ ಆಕಿ ಒಂದು ಮಾತಿನ್ಯಾಗ ಅಂದುಬಿಟ್ಲು.

ಸೆಕ್ರೆಟರಿ ನನ್ನ ಕಡೆಯಿಂದ ಎಲ್ಲಾ ಬರೆಸ್ಕೊಂಡ್ರು. ಪಂಚಾಯ್ತಿ ಮೋಟರಿಗೆ ಕೇಳದ ಏನೂ ಕೂಡಿಸಬಾರದು ಅಂತ ನನಗ ಸಮಾ ಬಯ್ದರು. ಬೈಸ್ಕೊಂಡೆ. ಅಪ್ಪನ ನೋಟಿಸು ವಾಪಸ್ ತೊಗೊಂಡ್ರು. ಪಟ್ಟಿಯಾಗಿನ ಹೆಸರು ಹಂಗ ಉಳೀತು. ಮುಂದ ಅವರ ಒಪ್ಪಿಗಿ ತೊಗೊಂಡೇ ಆ ಡಬ್ಬಿ ಮತ್ತ ಕೂಡಿಸಿದ್ವಿ. ಇವತ್ತಿಗೂ ನಲವತ್ತು ನಿಮಿಷಕ್ಕ ಟಕ್ ಅಂತೈತಿ. ಕ್ಲಾಸಿನ್ಯಾಗ ಈಗ ಇಂಟ್ ಎಷ್ಟು ಬೈಟು ಅಂತ ನಾನು ಕೇಳಂಗಿಲ್ಲ. ಯಾವ ಮಷೀನಿನ್ಯಾಗ ಅಂತ ತಿರುಗಿ ನನ್ನನ್ನ ಕೇಳಿದೋರಿಗೆ ಮಾರ್ಕು ಕೊಡ್ತೀನಿ.

ಆದ್ರ ನಾನು ಹೇಳಾಕ ಕುಂತಿದ್ದು ಅದನ್ನಲ್ಲ. ಸಭಾ ಮುಗಿಸಿ ಮನಿಗೆ ಬಂದ್ವಿ. ದಾರಿ ಪೂರಾ ಅಪ್ಪ ಒಂದು ಮಾತಾಡಲಿಲ್ಲ. ಕೆಲಸ ಉಳೀತಲ್ಲ, ಖುಷಿ ಪಡಬೇಕಲ್ಲ, ಯಾಕ ಸುಮ್ಮನದಾನ ಅಂತ ನನಗ ಕಸಿವಿಸಿ. ಪಡಸಾಲಿಯಾಗ ತನ್ನ ಜಾಗದಾಗ ಕುಂತ. ಸೆಕಿ ಅಂದ್ರ ಸೆಕಿ. ಅವ್ವ ನೀರು ತಂದು ಕೊಟ್ಲು. ಕುಡದು ಚರಿಗಿ ಕೆಳಗಿಟ್ಟು, ನನ್ನ ಮುಖ ನೋಡದ ಕೇಳಿದ:

"ಹಂಗಾರ ನಾ ಒತ್ತಿದ್ದು ಸರೀನ ಇತ್ತೇನವಾ?"

ನಾನು ಅಂದ್ಕೊಂಡಿದ್ದೇನು, ಅವನು ನನ್ನ ಹೆಸರು ಉಳ್ಸಾಕ ಸುಳ್ಳು ಹೇಳ್ಯಾನ ಅಂತ. ನಿದ್ದಿ ಅನ್ನೋದೊಂದ ಸುಳ್ಳು. ತಪ್ಪಿ ಒತ್ತಿದೆ ಅನ್ನೋದನ್ನ ಅವನು ಖರೇನ ನಂಬಿದ್ದ. ಓದಿದ ಮಗಳು ಹೇಳ್ಯಾಳ ಅಂದ್ರ ಇರಬೇಕು ಅಂತ, ಇಷ್ಟು ವರ್ಷ ಒಂದು ಹನಿ ಚೆಲ್ಲದ ತನ್ನ ಕೈಯನ್ನ ತಾನ ನಂಬದ ಐದು ದಿನ ಕಳೆದಿದ್ದ. ಸ್ವಿಚ್ಚು, ಮೊಬೈಲು, ಫ್ಯಾನು ಎಲ್ಲಾ ಒಮ್ಮೆಲೆ ನನಗ ತಿಳೀತು. ಸಿಟ್ಟಿನ್ಯಾಗ ಕೊಯ್ದ ಮೂಗು ಶಾಂತ ಆದ ಮ್ಯಾಲ ಬರಂಗಿಲ್ಲ ಅಂತಾರ. ನಾನು ಕೊಯ್ದದ್ದು ನನ್ನ ಮೂಗು ಆಗಿದ್ದಿಲ್ಲ.

"ಸರಿ ಇತ್ತಪಾ," ಅಂದೆ. "ಒಂದ ಸಲ, ನೆಟ್ಟಗ ಒತ್ತಿದ್ದಿ. ನೀ ಏನೂ ತಪ್ಪು ಮಾಡಿಲ್ಲ. ನಾನ ತಪ್ಪು ಅಂದೆ."

ಅವನು ತನ್ನ ಬೆರಳು ನೋಡ್ಕೊಂಡ. ಆಮ್ಯಾಲ ಗ್ವಾಡಿ ಹಿಡಕೊಂಡು, ಮೊಣಕಾಲು ಒತ್ತಿಕೊಂಡು ಮೆಲ್ಲಕ ಎದ್ದ. ನಾನು ಆಸರಿ ಕೊಡಾಕ ಹೋದೆ, ಬ್ಯಾಡ ಅಂತ ಕೈ ಮಾಡಿದ. ಸ್ವಿಚ್ಚಿನ ಹತ್ರ ನಿಂತು, ಯಾವುದು ಅಂತ ಒಂದು ಸಲ ನೋಡಿ, ತಾನ ಫ್ಯಾನ್ ಹಾಕಿದ.